ಶನಿವಾರ ಬಂದರೆ ಹೊಟ್ಟೆನೋವು

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದೆ.)

ಸಲಹೆಗೆ ಬಂದವರು ಬಾಲಮಂದಿರವೊಂದರ ಗೃಹಮಾತೆ. ಹುಡುಗನಿಗೆ 11 ವರ್ಷ. ಒಂದೂವರೆ ತಿಂಗಳಿಂದ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಶನಿವಾರ ಬಂದರೆ ಹೊಟ್ಟೆನೋವು. ಅಧೀಕ್ಷಕರು ಅದನ್ನು ಅಶಿಸ್ತೆಂದು ಬರೆದುಕೊಂಡು ರಾತ್ರಿ ನೀರು ನಿಲ್ಲಿಸಿದರು. ಶನಿವಾರ ಸ್ನಾನ ಮಾಡಿಸುವವರು ಯಾರೆಂದು ಯಾರೂ ಕೇಳಲಿಲ್ಲ. ಒಂದು ಸಂಜೆ ಬಟ್ಟೆ ಮಡಚುತ್ತ ಹುಡುಗನೇ ಹೇಳಿದ: "ಅಮ್ಮಾ, ಆ ಅಣ್ಣ ಒಳಗಿಂದ ಚಿಲಕ ಹಾಕ್ತಾರೆ."

ಎಡವಟ್ಟಾದದ್ದು ಆಮೇಲೆ. "ಮೊದಲು ನಾವೇ ವಿಚಾರಿಸೋಣ" ಎಂದು ಸಂಸ್ಥೆಯವರು ಮೂರು ದಿನದಲ್ಲಿ ನಾಲ್ಕು ಸಲ ಅವನನ್ನು ಆಫೀಸಿಗೆ ಕರೆಸಿದರು, ಒಮ್ಮೆ ಸ್ನಾನ ಮಾಡಿಸುವ ಆ ಸಿಬ್ಬಂದಿಯ ಎದುರೇ. ನಾಲ್ಕನೇ ಸಲ "ಸುಳ್ಳು ಹೇಳಿದ್ದೆ" ಎಂದುಬಿಟ್ಟ. ಉಣ್ಣುವ ಅನ್ನ, ಮಲಗುವ ಜಾಗ ಎರಡೂ ಅವರ ಕೈಯಲ್ಲಿರುವಾಗ ಮಗು ಇನ್ನೇನು ಹೇಳೀತು? ಮಾತು ಹಿಂತೆಗೆದುಕೊಂಡದ್ದು ಏನೂ ನಡೆದಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ.

"ಪುರಾವೆ ಇಲ್ಲದೆ ದೂರು ಕೊಡೋದು ಹೇಗೆ ಮೇಡಂ?" ಎಂಬುದು ಗೃಹಮಾತೆಯ ಪ್ರಶ್ನೆ.

ಪುರಾವೆ ಹುಡುಕುವುದು ಪೊಲೀಸರ ಕೆಲಸ, ನಿಮ್ಮದಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಸೆಕ್ಷನ್ 19ರ ಪ್ರಕಾರ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ, ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ, ಜೊತೆಗೆ ದಂಡ. ಕೆಲಸ ಉಳಿಯುತ್ತದೆ ಎಂಬ ಭರವಸೆಯನ್ನು ಮಾತ್ರ ಕೊಡಲಾಗದು. ಅದನ್ನೂ ನೇರವಾಗಿ ಹೇಳಲಾಯಿತು.

ಅವನು ಆಡಿದ ಮಾತನ್ನು ತಿದ್ದದೆ, ಅವನ ಶಬ್ದದಲ್ಲೇ ಬರೆದು ದಿನಾಂಕ, ಹೊತ್ತು ಹಾಕಿ. ಇನ್ನೊಮ್ಮೆ ಕೆದಕಬೇಡಿ. ಉಳಿದ ಹುಡುಗರನ್ನೂ ನೀವು ವಿಚಾರಿಸಬೇಡಿ. ಅವರಿಗೂ ಸ್ನಾನ ಮಾಡಿಸಿದ್ದು ಅದೇ ಸಿಬ್ಬಂದಿ ಎಂದು ಪೊಲೀಸರಿಗೆ ತಿಳಿಸಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಮುರಿಯಬೇಕಾಗುತ್ತದೆ. ತೊಳೆಯದ ಬಟ್ಟೆ ಇದ್ದರೆ ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಕೆಡುತ್ತದೆ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಇಲ್ಲವೇ ಠಾಣೆಗೆ ಫೋನ್ ಮಾಡಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಹೇಳಿಕೆ ಪಡೆಯುವವರು ಸಮವಸ್ತ್ರದಲ್ಲಿರಬಾರದು. ಹುಡುಗ ನಂಬುವವರು ಜೊತೆಗಿರಬಹುದು. ಸ್ಥಳಾಂತರದ ಮಾತು ಬಂದರೆ, ಮೊದಲು ದೂರ ಹೋಗಬೇಕಾದದ್ದು ಆ ಸಿಬ್ಬಂದಿ ಎಂದು ಸಮಿತಿಯ ಮುಂದೆ ಹೇಳಿ. ಹುಡುಗನನ್ನೇ ಸಾಗಿಸಿದರೆ ಬಾಯಿಬಿಟ್ಟದ್ದಕ್ಕೆ ಶಿಕ್ಷೆ ಎಂದುಕೊಳ್ಳುತ್ತಾನೆ.

ಹಾಸಿಗೆ ಒದ್ದೆಯಾಗುವುದು ನಾಳೆಗೇ ನಿಲ್ಲದು. ನೀರು ಕೊಡಿ. ಒಣಗಿದ ಚಾದರ, ಚಡ್ಡಿ ಅವನ ಕೈಗೆಟುಕುವಲ್ಲಿಡಿ. ಬೆಳಿಗ್ಗೆ ಎಲ್ಲರೆದುರು ಅವನಿಂದ ಒಗೆಸಬೇಡಿ.