ಓಣಿ ಕ್ಷೇಮ: ಸಂಡಾಸದ ಪಕ್ಕದ ಖಾಲಿ ಕೋಣೆ

ನಿವೃತ್ತ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣ

ಪ್ರಶ್ನೆ: ನಮ್ಮ ಓಣಿಯಲ್ಲಿ ಹತ್ತು ಸೀಟಿನ ಸಾಮೂಹಿಕ ಶೌಚಾಲಯ ಇದೆ. ಅದಕ್ಕೆ ಅಂಟಿಕೊಂಡು ಕಾವಲಿನವರಿಗೆಂದು ಕಟ್ಟಿಸಿದ ಕೋಣೆ ಖಾಲಿ ಬಿದ್ದಿದೆ. ಒಳಗೆ ಗಣೇಶನ ಪೆಂಡಾಲಿನ ಬಿದಿರು ತುಂಬಿದ್ದಾರೆ. ಮಹಿಳಾ ಆರೋಗ್ಯ ಸಮಿತಿಯ ನಾವು ಹತ್ತು ಜನ ಅಲ್ಲೊಂದು ಚಿಕ್ಕ ಕ್ಲಿನಿಕ್ ಮಾಡಿಸಿಕೊಡಿ ಎಂದು ಕೇಳಿದ್ದಕ್ಕೆ ಓಣಿಯ ಹಿರಿಯರು ‘ಕಕ್ಕಸಿನ ಮಗ್ಗಲಿಗೆ ದವಾಖಾನೆಯಾ’ ಎಂದು ನಕ್ಕರು. ನಾವು ಕೇಳಿದ್ದು ತಪ್ಪೇ ಸಿಸ್ಟರ್?
– ಸಮಿತಿಯ ಸದಸ್ಯೆ, ದಾವಣಗೆರೆ

ಉತ್ತರ: ಕೇಳಿದ್ದು ತಪ್ಪಲ್ಲ ತಂಗಿ. ಆದರೆ ಕ್ಲಿನಿಕ್ ಅನ್ನುವ ಪದವನ್ನು ಸ್ವಲ್ಪ ದಿನ ಬದಿಗಿಡಿ. ಡಾಕ್ಟರು ಕೂರುವ ಜಾಗಕ್ಕೆ ನೂರೆಂಟು ಕಾಗದ ಬೇಕು. 2022ರ ಡಿಸೆಂಬರಿನಲ್ಲಿ ಶುರುವಾದ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ವೈದ್ಯರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ. ನಿಮಗೆ ಹತ್ತಿರವಿರುವುದು ಯಾವುದು ಅಂತ ಮೊದಲು ನೋಡಿ. ಅಲ್ಲಿಗೆ ಸುದ್ದಿ ಮುಟ್ಟಿಸುವ ಜಾಗವಾಗಿ ನಿಮ್ಮ ಕೋಣೆ ಬೇಕು. ಯಾವ ಸುದ್ದಿ ಅಂತ ಹೇಳುತ್ತೇನೆ.

ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗಿನ ಮಾತು. ಊರಿನ ಹೆಸರು ಬೇಡ. ಮಳೆಗಾಲದ ಒಂದೇ ವಾರದಲ್ಲಿ ನಮ್ಮ ರಿಜಿಸ್ಟರಿನಲ್ಲಿ ಹದಿನೇಳು ವಾಂತಿಭೇದಿ ಕೇಸು. ನಾವು ಓಆರ್‌ಎಸ್ ಕೊಟ್ಟೆವು, ಮಕ್ಕಳಿಗೆ ಜಿಂಕ್ ಮಾತ್ರೆ ಕೊಟ್ಟೆವು, ಇಬ್ಬರನ್ನು ಜಿಲ್ಲಾಸ್ಪತ್ರೆಗೆ ಕಳಿಸಿದೆವು. ನೀರಿನ ಕಚೇರಿಗೆ ಪತ್ರವನ್ನೂ ಬರೆದೆವು. ಉತ್ತರ ಬಂದದ್ದು ಹನ್ನೊಂದನೇ ದಿನ: ‘ನೀರಿನ ಗುಣಮಟ್ಟ ತೃಪ್ತಿಕರವಾಗಿದೆ’.

ಪತ್ರ ಬರುವ ಮುಂಚೆಯೇ ನಮ್ಮ ಆಶಾ ಕಾರ್ಯಕರ್ತೆ ಒಂದು ಕೆಲಸ ಮಾಡಿದ್ದಳು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಓಣಿಯ ನಕ್ಷೆ ಬರೆದು, ಕೇಸು ಬಂದ ಮನೆಯ ಮೇಲೆ ಒಂದೊಂದು ತೊಗರಿಬೇಳೆ ಇಟ್ಟಳು. ಗಟಾರ, ನಳದ ಪೈಪು, ಸಂಡಾಸ ಎಲ್ಲವೂ ಆ ನಕ್ಷೆಯಲ್ಲಿದ್ದವು. ಹದಿನೇಳರಲ್ಲಿ ಹದಿಮೂರು ಬೇಳೆ ಒಂದೇ ಸಾಲಿನಲ್ಲಿ ಕೂತವು. ಇಬ್ಬರೂ ಹೋಗಿ ನೋಡಿದರೆ, ಶೌಚಾಲಯದ ಹಿಂದೆ ಪೈಪು ಗಟಾರದೊಳಗಿಂದಲೇ ಹಾದಿದೆ. ಜಾಯಿಂಟಿಗೆ ಸೈಕಲ್ ಟ್ಯೂಬು ಕಟ್ಟಿದ್ದಾರೆ. ನೀರು ಬಿಟ್ಟಾಗ ಅಲ್ಲಿಂದ ಚಿಮ್ಮುತ್ತದೆ. ನೀರು ನಿಂತ ಮೇಲೆ ಖಾಲಿ ಪೈಪು ಅದೇ ತೂತಿನಿಂದ ಗಟಾರವನ್ನು ಎಳೆದುಕೊಳ್ಳುತ್ತದೆ. ಮುಂದಿನ ಸರದಿಯ ಮೊದಲ ಕೊಡ ತುಂಬಿದವರ ಮನೆಗೆ ಅದೇ ಹೋಗುತ್ತದೆ.

ಆಮೇಲೆ ಗೊತ್ತಾದದ್ದು ಕೇಳಿ. ಶೌಚಾಲಯ ತೊಳೆಯುವ ಅಜ್ಜಿಗೆ ಇದೆಲ್ಲ ನಮಗಿಂತ ಐದು ದಿನ ಮೊದಲೇ ತಿಳಿದಿತ್ತು. ‘ಅಕ್ಕಾರ, ಆ ಸಾಲಿನ ಹುಡುಗ್ರು ಮುಂಜಾನಿ ನಾಕ್ ನಾಕ್ ಸಲ ಬರಾಕ್ಹತ್ತಿದ್ವು. ಯಾರೂ ಕೇಳಲಿಲ್ಲ, ನಾ ಯಾರಿಗ್ ಹೇಳ್ಲಿ?’ ಅಂದಳು. ಕೈಯಲ್ಲಿ ಪೊರಕೆ ಹಿಡಿದವಳನ್ನು ಜ್ವರ ಭೇದಿಯ ಬಗ್ಗೆ ಕೇಳಬಹುದು ಅಂತ ನನಗಾದರೂ ಎಲ್ಲಿ ಹೊಳೆದಿತ್ತು? ಅಷ್ಟು ವರ್ಷ ದಿನಾ ಆ ಬಾಗಿಲ ಮುಂದೆಯೇ ಹಾದು ಹೋಗಿದ್ದೆ.

ನಿಮ್ಮ ಕೋಣೆಯ ಕೆಲಸ ಇದು. ಗೋಡೆಗೆ ಓಣಿಯ ನಕ್ಷೆ ಅಂಟಿಸಿ. ಶೌಚಾಲಯ ನೋಡಿಕೊಳ್ಳುವವರಿಗೆ ಒಂದು ನೋಟ್‌ಬುಕ್ ಕೊಡಿ. ಹೆಸರು ಬರೆಯುವುದು ಬೇಡ, ನಾಳೆ ಅದು ಜಗಳಕ್ಕೆ ದಾರಿ. ಯಾವ ಸಾಲಿನಿಂದ ಎಷ್ಟು ಮಕ್ಕಳಿಗೆ ಭೇದಿ ಅಂತ ಗೀಟು ಹಾಕಿದರೆ ಸಾಕು. ಎರಡು ದಿನದಲ್ಲಿ ಒಂದೇ ಸಾಲಿನಲ್ಲಿ ಮೂರು ಗೀಟು ಬಿದ್ದರೆ ಆಶಾಗೆ ಫೋನ್, ಅವಳಿಂದ ಕ್ಲಿನಿಕ್ಕಿಗೆ ಫೋನ್. ಈ ಮೂರರ ಲೆಕ್ಕ ಸರ್ಕಾರದ್ದಲ್ಲ, ನನ್ನದು.

ಇನ್ನು ದುಡ್ಡು. ನಗರ ಆರೋಗ್ಯ ಅಭಿಯಾನದಲ್ಲಿ ಒಂದೊಂದು ಮಹಿಳಾ ಆರೋಗ್ಯ ಸಮಿತಿಗೆ 50ರಿಂದ 100 ಮನೆ, ವರ್ಷಕ್ಕೆ 5000 ರೂಪಾಯಿ ಮುಕ್ತ ನಿಧಿ ಅಂತ ನಿಗದಿಯಾಗಿದೆ. ನಿಮ್ಮ ಖಾತೆಗೆ ಬಂದಿದೆಯೇ, ಪಾಸ್‌ಬುಕ್ ನೋಡಿ. ಬಂದಿದ್ದರೆ ಬ್ಯಾನರಿಗೆ, ಉದ್ಘಾಟನೆಯ ಶಾಲಿಗೆ ಒಂದು ರೂಪಾಯಿಯೂ ಕೊಡಬೇಡಿ. ಮೊದಲು ಹೆಂಗಸರ ಕಡೆಯ ಬಾಗಿಲಿಗೆ ಚಿಲಕ. ಆಮೇಲೆ ಬಲ್ಬು. ಆಮೇಲೆ ಸೋಪು, ಅದೂ ನೈಲಾನ್ ಬಲೆಯಲ್ಲಿ ಹಾಕಿ ನಳಕ್ಕೆ ಕಟ್ಟಿದ್ದು, ಇಲ್ಲದಿದ್ದರೆ ಸಂಜೆಯೊಳಗೆ ಮಾಯ. ಚಿಲಕವನ್ನು ಆರೋಗ್ಯದ ಖರ್ಚು ಅಂತ ಬರೆಯಬಹುದೇ ಎಂದು ಆಡಿಟ್‌ನವರು ನನ್ನನ್ನೂ ಕೇಳಿದ್ದರು. ಕೆಳಗಿನ ಎರಡನೇ ಪತ್ರ ಓದಿ, ಉತ್ತರ ಅಲ್ಲಿದೆ.

ಸೀಟು ಎಣಿಸುವುದನ್ನೂ ಮರೆಯಬೇಡಿ. ಸ್ವಚ್ಛ ಭಾರತದ ಮಾರ್ಗಸೂಚಿ ಪ್ರಕಾರ ಸಾಮೂಹಿಕ ಶೌಚಾಲಯದಲ್ಲಿ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಸೀಟು ಇರಬೇಕು. ನಿಮ್ಮ ಹತ್ತರಲ್ಲಿ ಐದು ಹೆಂಗಸರಿಗೆ ಅಂದುಕೊಂಡರೆ 125 ಜನಕ್ಕೆ ಸರಿ. ನಿಮ್ಮ ಓಣಿಯಲ್ಲಿ ಎಷ್ಟು ಹೆಂಗಸರಿದ್ದಾರೆ ಎಂಬ ಲೆಕ್ಕವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ವರ್ಷಕ್ಕೆ ಎರಡು ಸಲ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ, ಆ ದಿನ ಶಾಲೆಗೆ ಹೋಗದ ಮಕ್ಕಳನ್ನು ಈ ಕೋಣೆಗೇ ಕರೆಯಿಸಿ. ನಾನೇ ಸಾವಿರಗಟ್ಟಲೆ ಅಲ್ಬೆಂಡಜೋಲ್ ಚೀಪಿಸಿದ್ದೇನೆ. ಮಾತ್ರೆ ಬಾಯಲ್ಲಿ ಕರಗುವ ಮೊದಲೇ ಆ ಮಕ್ಕಳು ಬರಿಗಾಲಲ್ಲಿ ಬಯಲಿಗೆ ಓಡುವುದನ್ನೂ ನೋಡಿದ್ದೇನೆ. ಹೀಗಿದ್ದರೆ ಮುಂದಿನ ಮಾತ್ರೆಯ ಹೊತ್ತಿಗೆ ಹುಳು ಮತ್ತೆ ಹಾಜರ್.

ಒಂದು ಎಚ್ಚರಿಕೆ. ಕೋಣೆಯ ಬಾಗಿಲು ರಸ್ತೆ ಕಡೆಗಿರಲಿ, ಶೌಚಾಲಯದ ಅಂಗಳಕ್ಕೆ ಬೇಡ. ಲಸಿಕೆ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಅಲ್ಲಿ ಬೇಡ. ಬಿ.ಪಿ. ನೋಡುವುದು, ಓಆರ್‌ಎಸ್ ಪಾಕೀಟು ಇಡುವುದು, ಎರಡು ವಾರ ಮೀರಿದ ಕೆಮ್ಮಿನವರಿಗೆ ಕ್ಷಯದ ಪರೀಕ್ಷೆಗೆ ಕಫದ ಡಬ್ಬಿ ಕೊಡುವುದು, ಇಷ್ಟಕ್ಕೆ ಆ ಕೋಣೆ ಸಾಕು.

ನಗುವವರಿಗೆ ತಿರುಚಿರಾಪಳ್ಳಿಯ ಸುದ್ದಿ ಹೇಳಿ. ಅಲ್ಲಿಯ ಕೊಳಗೇರಿಗಳಲ್ಲಿ ಹೆಂಗಸರ ಸಂಘಗಳೇ ಎಷ್ಟೋ ವರ್ಷದಿಂದ ಸಾಮೂಹಿಕ ಶೌಚಾಲಯ ನಡೆಸುತ್ತಿವೆ. ಬಂದವರಿಂದ ಚಿಲ್ಲರೆ ತೆಗೆದುಕೊಂಡು, ಅದರಲ್ಲೇ ರಿಪೇರಿ, ಅದರಲ್ಲೇ ಸಂಬಳ. ಓಣಿಯವರಿಗೆ ಕೈ ತೊಳೆಯುವ ಪಾಠ ಹೇಳುವವರೂ ಅವರೇ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮೂರು ತಿಂಗಳಲ್ಲಿ ಎರಡು ಸಲ ಉರಿಮೂತ್ರ ಆಯಿತು. ನೀರು ಜಾಸ್ತಿ ಕುಡಿಯಿರಿ ಎಂದು ಡಾಕ್ಟರು ಹೇಳುತ್ತಾರೆ. ಕುಡಿದರೆ ಎಲ್ಲಿಗೆ ಹೋಗಲಿ? ನಮ್ಮ ಕಡೆ ಶೌಚಾಲಯಕ್ಕೆ ರಾತ್ರಿ ಒಂಬತ್ತಕ್ಕೆ ಬೀಗ, ಬೆಳಗ್ಗೆ ಚಿಲಕ ಇಲ್ಲ, ಕ್ಯೂ ಬೇರೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಡಾಕ್ಟರು ಹೇಳಿದ್ದೂ ಸರಿ, ನಿಮ್ಮ ಪ್ರಶ್ನೆಯೂ ಸರಿ. ಮೂತ್ರ ಕಟ್ಟಿಕೊಂಡು, ನೀರು ಬಿಟ್ಟು ದಿನ ದೂಡುವವರಲ್ಲಿ ಈ ಸೋಂಕು ಮತ್ತೆ ಮತ್ತೆ ಬರುತ್ತದೆ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಒಂದು ದಿನವೂ ಕಾಯಬೇಡಿ, ಕಿಡ್ನಿಗೆ ಏರಿರಬಹುದು. ಮೂತ್ರ ಪರೀಕ್ಷೆ ಮಾಡಿಸದೆ ಅಂಗಡಿಯ ಮಾತ್ರೆ ನುಂಗಬೇಡಿ. ಕೊಟ್ಟ ಕೋರ್ಸು ಉರಿ ನಿಂತರೂ ಪೂರ್ತಿ ಮುಗಿಸಿ. ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಶೌಚಾಲಯ ಇದೆಯಲ್ಲ, ಆ ಹೊತ್ತಿಗೆ ಹೆಚ್ಚು ನೀರು ಕುಡಿಯಿರಿ. ಇದು ಸದ್ಯದ ಉಪಾಯ ಅಷ್ಟೇ. ಇದರ ಜೊತೆಗೆ, ಚೀಟಿ ಬರೆಯುವಾಗ ‘ರಾತ್ರಿ ಶೌಚಾಲಯಕ್ಕೆ ಬೀಗ’ ಎಂಬುದನ್ನೂ ಬರೆಯಿರಿ ಎಂದು ಡಾಕ್ಟರನ್ನು ಕೇಳಿ. ಅಂಥ ಐದಾರು ಚೀಟಿಯ ಝೆರಾಕ್ಸ್ ಇಟ್ಟು ವಾರ್ಡ್ ಕಚೇರಿಗೆ ಹೋದರೆ ಬೀಗದ ಮಾತು ಆಸ್ಪತ್ರೆಯ ಕಾಗದದ ಮೇಲೆ ಬರುತ್ತದೆ. ನಾನು ಒಮ್ಮೆ ಹಾಗೆ ಮಾಡಿಸಿದ್ದೆ. ಹತ್ತು ದಿನಕ್ಕೆ ಬೀಗ ತೆಗೆದರು. ಚಿಲಕಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು.

ಪ್ರಶ್ನೆ: ನಮಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಬ್ಯಾರಲ್ಲಿನಲ್ಲಿ ತುಂಬಿಟ್ಟು ಕುಡಿಯುತ್ತೇವೆ. ಪಕ್ಕದ ಬಡಾವಣೆಗೆ ದಿನವಿಡೀ ನೀರು. ಅವರ ಮಕ್ಕಳಿಗೆ ಕಾಯಿಲೆ ಕಡಿಮೆ ಅಂತ ನನ್ನ ಅಂದಾಜು. ಇದು ಬರೀ ಹೊಟ್ಟೆಕಿಚ್ಚೋ ನಿಜವೋ?
– ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಊರಲ್ಲೇ ಇದನ್ನು ಅಳೆದಿದ್ದಾರೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ತಾಸು ನೀರು ಬಂದ ಮೇಲೆ ಸಂಶೋಧಕರು ಎರಡೂ ಕಡೆಯ ನಳದ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಶೇ. 31.7ರಲ್ಲಿ ಮಲದ ಗುರುತಾದ ಇ-ಕೊಲೈ ಸಿಕ್ಕಿತು. ದಿನವಿಡೀ ಬರುವ ನೀರಿನಲ್ಲಿ ಶೇ. 0.7ರಲ್ಲಿ ಮಾತ್ರ. ಆದರೆ ಮಕ್ಕಳ ಭೇದಿಯನ್ನು ಒಟ್ಟಾರೆ ಲೆಕ್ಕ ಹಾಕಿದ ಇನ್ನೊಂದು ಅಧ್ಯಯನದಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡವರ ಮನೆಗಳಲ್ಲಿ ರಕ್ತಭೇದಿ ಮಾತ್ರ ಕಡಿಮೆಯಿತ್ತು. ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಳ ಒಳ್ಳೆಯದಾದರೂ ಮನೆ ಮುಂದಿನ ಗಟಾರ ತೆರೆದೇ ಇದ್ದರೆ, ಮಗು ಅಲ್ಲೇ ಕೂತರೆ, ತಾಯಿ ಅದೇ ಕೈಯಲ್ಲಿ ರೊಟ್ಟಿ ಮುರಿದು ಕೊಟ್ಟರೆ, ನೀರೊಂದೇ ಏನು ಮಾಡೀತು?

ನೀವು ಮಾಡಬಹುದಾದದ್ದು ಇಷ್ಟು. ನೀರು ಬಂದಾಗ ಮೊದಲ ನಾಲ್ಕೈದು ಕೊಡ ಬಟ್ಟೆ ಪಾತ್ರೆಗೆ ಹಾಕಿ, ಕುಡಿಯಲು ಆಮೇಲೆ ಹಿಡಿಯಿರಿ. ಕುಡಿಯುವ ನೀರಿಗೆ ಬೇರೆ ಕೊಡ, ಮುಚ್ಚಳ, ಹಿಡಿಕೆಯ ಸೌಟು. ತಂಬಿಗೆಯನ್ನು ಕೈ ಸಮೇತ ಅದ್ದಬೇಡಿ. ಆಶಾ ಹತ್ತಿರ ಕ್ಲೋರಿನ್ ಮಾತ್ರೆ ಕೇಳಿ, ಪಾಕೀಟಿನಲ್ಲಿ ಬರೆದಷ್ಟೇ ಲೀಟರಿಗೆ ಹಾಕಿ ಅರ್ಧ ತಾಸು ಬಿಡಿ. ಮುನ್ಸಿಪಾಲಿಟಿಯ ಆರೋಗ್ಯ ನಿರೀಕ್ಷಕರ ಬಳಿ ಕ್ಲೋರಿನ್ ನೋಡುವ ಪುಟ್ಟ ಕೊಳವೆ ಪೆಟ್ಟಿಗೆ ಇರುತ್ತದೆ. ಎರಡು ಹನಿ ದ್ರಾವಣ ಹಾಕಿದರೆ ನೀರು ಹಳದಿಯಾಗಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬಣ್ಣವೇ ಬರದಿದ್ದರೆ ಅವರ ಮುಂದೆಯೇ ದಿನಾಂಕ ಹಾಕಿ ಸಹಿ ಮಾಡಿಸಿಕೊಳ್ಳಿ. ಓಣಿಯ ಕೊನೆಯ ನಳದಲ್ಲಿ ನೋಡಲು ಹೇಳಿ, ಟಾಕಿಯ ಬುಡದಲ್ಲಿ ನೋಡಿ ಹೋಗುವವರೇ ಜಾಸ್ತಿ.

ಭೇದಿ ಶುರುವಾಗಿ ಪಾಕೀಟು ಕೈಗೆ ಸಿಗದಿದ್ದರೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗುಡ್ಡೆಯಾಗಿರಬಾರದು, ಬೆರಳಿಂದ ಸಮ ಮಾಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಕಣ್ಣೀರಿನಷ್ಟೇ ಉಪ್ಪು ಇರಬೇಕು, ರುಚಿ ನೋಡಿಯೇ ಕುಡಿಸಿ.

ಪ್ರಶ್ನೆ: ಅಪ್ಪ ಗುತ್ತಿಗೆಯಲ್ಲಿ ಕಸ ತೆಗೆಯುವ ಕೆಲಸ ಮಾಡುತ್ತಾರೆ. ಚೇಂಬರ್ ಕಟ್ಟಿಕೊಂಡಾಗ ಮೇಸ್ತ್ರಿ ಇಳಿಯಲು ಹೇಳುತ್ತಾನೆ. ಇಳಿಯುವ ಮುಂಚೆ ಯಾವ ಇಂಜೆಕ್ಷನ್ ಮಾಡಿಸಬೇಕು?
– ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇಳಿಯಲೇಬಾರದು ಮಗಳೇ. ಅದಕ್ಕೆ ಯಾವ ಇಂಜೆಕ್ಷನ್ನೂ ಇಲ್ಲ. ಚೇಂಬರಿನ ಗಾಳಿ ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ವಿಷ ಜಾಸ್ತಿಯಾದಾಗ ಮೂಗು ಸತ್ತು ವಾಸನೆಯೇ ಬರುವುದಿಲ್ಲ. ಈಗ ವಾಸನೆ ಹೋಯಿತು ಅಂತ ಇಳಿದವರೇ ಬಿದ್ದಿದ್ದಾರೆ, ಅವರನ್ನು ಎತ್ತಲು ಇಳಿದವರೂ ಬಿದ್ದಿದ್ದಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸುವುದು ಶಿಕ್ಷಾರ್ಹ ಅಪರಾಧ. ಸಾವಾದರೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಸ್ತ್ರಿಗೆ ಈ ಎರಡನ್ನೂ ಅಪ್ಪನೇ ಹೇಳುವುದು ಕಷ್ಟ, ಕೆಲಸದ ಭಯ ಇರುತ್ತದೆ. ಯೂನಿಯನ್ನಿನವರ ಬಾಯಲ್ಲಿ ಹೇಳಿಸಿ. ಚರಂಡಿ ಸ್ವಚ್ಛತೆಯ ಸಹಾಯವಾಣಿ 14420, ಯಂತ್ರ ಕಳಿಸಿ ಎಂದು ಓಣಿಯವರು ಯಾರಾದರೂ ಮಾಡಬಹುದು.

ಮೇಲಿನ ಕೆಲಸಕ್ಕೆ, ಅಂದರೆ ಕಸಕ್ಕೆ ಮತ್ತು ಗಟಾರಕ್ಕೆ, ಧನುರ್ವಾಯುವಿನ ಚುಚ್ಚುಮದ್ದು ಬೇಕು, ಹೆಪಟೈಟಿಸ್ ಬಿ ಲಸಿಕೆ ಬೇಕು. ಎರಡನೆಯದು ಆರು ತಿಂಗಳಲ್ಲಿ ಮೂರು ಸಲ. ಮೊದಲ ಡೋಸ್ ಹಾಕಿಸಿಕೊಂಡು ಮರೆತವರೇ ಬಹಳ. ಮೂರೂ ತಾರೀಕು ನೀನೇ ನಿನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅಪ್ಪನನ್ನು ಕರೆದುಕೊಂಡು ಹೋಗು. ಸೋಮವಾರ ಬಿಟ್ಟು ಹೋದರೆ ಒಳ್ಳೆಯದು, ಸೋಮವಾರ ಎಲ್ಲ ಆಸ್ಪತ್ರೆಯಲ್ಲೂ ಜಾತ್ರೆ.