ಓಲೆಯ ಎಸಳು ಮುರಿಯುವುದೇಕೆ?

ಪ್ರಶ್ನೆ: ಪಾಲಿಮರ್ ಕ್ಲೇಯಲ್ಲಿ (ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಬಿಳಿ ಮಲ್ಲಿಗೆಯ ಕಿವಿಯೋಲೆ ಮಾಡಿ ಓಟಿಜಿಯಲ್ಲಿ (ಪುಟ್ಟ ವಿದ್ಯುತ್ ಓವನ್) ಬೇಯಿಸಿದೆ. ಎಸಳು ಬಿಸ್ಕತ್ತಿನಂತೆ ಮುರಿಯುತ್ತಿದೆ. ಕ್ಲೇ ಹಳೆಯದಾ?
– ಓದುಗಿ, ಶಿರಸಿ

ಉತ್ತರ: ಕ್ಲೇಯನ್ನು ಬೈಯಬೇಡಿ, ಸರಿಯಾಗಿ ಬೆಂದಿಲ್ಲ ಅಷ್ಟೆ. ಕ್ಲೇ ಫಿಮೋ ಬ್ರ್ಯಾಂಡಿನದಾದರೆ 110, ಸ್ಕಲ್ಪಿ ಪ್ರೀಮೋ ಆದರೆ 130 ಡಿಗ್ರಿ ಸೆಲ್ಸಿಯಸ್ ಬೇಕು, ಅದೂ ಅರ್ಧ ಗಂಟೆ. ಓಟಿಜಿಯ ಗುಂಡಿ ತೋರಿಸುವ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಒಳಗೊಂದು ಓವನ್ ಥರ್ಮಾಮೀಟರ್ ಇಡುತ್ತೇನೆ. ಬಿಳಿ ಬೇಗ ಕಂದಾಗುತ್ತದೆ ಅಲ್ವಾ, ಮೇಲೆ ಫಾಯಿಲ್ ಮುಚ್ಚಿ. ಉಳಿದ ಓಲೆಗಳನ್ನು ಸುಮ್ನೆ ಎಸೆಯಬೇಡಿ, ಮತ್ತೆ ಬೇಯಿಸಬಹುದು. ಬಿಸಿಯಿದ್ದಾಗ ಮೆತ್ತಗೇ ಇರುತ್ತದೆ. ಆರಿದ ಮೇಲೆ ಎಸಳನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಮುರಿಯದಿದ್ದರೆ ಬೆಂದಿದೆ ಅಂತ. ಬೇಗ ಆಗಲಿ ಅಂತ ಶಾಖ ಜಾಸ್ತಿ ಮಾಡಬೇಡಿ. ಕ್ಲೇಯಲ್ಲಿರುವುದು ಪಿವಿಸಿ ಎಂಬ ಪ್ಲಾಸ್ಟಿಕ್, ಸುಟ್ಟರೆ ಬರುವ ಹೊಗೆ ಕೆಟ್ಟದ್ದು. ಕಿಟಕಿ ತೆರೆದಿಡಿ. ಅದೇ ಟ್ರೇಯಲ್ಲಿ ಕೇಕ್ ಮಾತ್ರ ಬೇಡ!