ಬಿಟ್ಟವರಿಗೆ ಸಿಟ್ಟೊಂದೇ ಇರುತ್ತದಾ?

‘ಅಮೆರಿಕದ ಇವ್ಯಾಂಜೆಲಿಕಲ್ ಚರ್ಚ್ (ಬೈಬಲ್ಲೇ ಕೊನೆಮಾತು ಎನ್ನುವ ಕ್ರೈಸ್ತ ಪಂಥ) ಬಿಟ್ಟವರೊಬ್ಬರ ಲೇಖನವನ್ನು ಕಳೆದ ಸಂಚಿಕೆಯಲ್ಲಿ ಅಷ್ಟುದ್ದ ಹಾಕಿದ್ದೀರಿ. ಮನೆ ಬಿಟ್ಟು ಹೋದವನು ಮನೆಯವರ ಬಗ್ಗೆ ಒಳ್ಳೇದು ಹೇಳ್ತಾನಾ? ಇಂಥವರ ನಂಬಿಕೆ ಮೊದಲೇ ಗಟ್ಟಿ ಇರಲಿಲ್ಲ, ಅಷ್ಟೆ.’
— ಓದುಗರೊಬ್ಬರು, ದಾವಣಗೆರೆ

ಬಿಟ್ಟವರಲ್ಲಿ ಕೆಲವರು ಬೈಯುವುದನ್ನೇ ಕಸುಬು ಮಾಡಿಕೊಳ್ಳುತ್ತಾರೆ, ನಿಜ. ಅಷ್ಟು ಒಪ್ಪಿದೆ. ಆದರೆ ‘ಗಟ್ಟಿ ಇರಲಿಲ್ಲ’ ಅಂದಿರಲ್ಲ, ಅದಕ್ಕೆ ನನ್ನ ತಕರಾರು. ಇಷ್ಟು ಚೆನ್ನಾಗಿ ಬರೆಯುವ ನೀವು ಇಷ್ಟು ಸಲೀಸಾಗಿ ತೀರ್ಪು ಕೊಡಬಾರದಿತ್ತು.

ಚಾರ್ಲ್ಸ್ ಟೆಂಪಲ್‌ಟನ್ ಕತೆ ಕೇಳಿ. ಟೊರಾಂಟೊದಲ್ಲಿ ಪತ್ರಿಕೆಗೆ ಕ್ರೀಡಾ ವ್ಯಂಗ್ಯಚಿತ್ರ ಬರೆಯುತ್ತಿದ್ದ ಹುಡುಗ, 1936ರಲ್ಲಿ ಯೇಸುವಿಗೆ ಒಲಿದು ಬೋಧಕನಾದ. 1946ರಲ್ಲಿ, ಮುಂದೆ ಜಗತ್ಪ್ರಸಿದ್ಧ ಬೋಧಕರಾದ ಬಿಲ್ಲಿ ಗ್ರಹಾಂ ಜೊತೆ ಯುರೋಪ್ ಸುತ್ತಿದ. ಇಬ್ಬರಲ್ಲಿ ಟೆಂಪಲ್‌ಟನ್ನೇ ಒಳ್ಳೆ ಮಾತುಗಾರ ಎನ್ನುವವರು ಆಗ ಬಹಳ ಜನ ಇದ್ದರು. ಅನುಮಾನ ಶುರುವಾದಾಗ ಆತ ಓಡಿಹೋಗಲಿಲ್ಲ. ಓದಿ ನೋಡೋಣ ಅಂತ 1948ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಸೆಮಿನರಿ (ಪಾದ್ರಿಗಳಾಗುವವರ ಕಾಲೇಜು) ಸೇರಿದ. ಗೆಳೆಯನನ್ನೂ ಕರೆದ. ಗ್ರಹಾಂ ಹೋಗಲಿಲ್ಲ. 1949ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದ ಶಿಬಿರವೊಂದರಲ್ಲಿ, ರಾತ್ರಿ, ಮರದ ಬೊಡ್ಡೆಯ ಮೇಲೆ ಬೈಬಲ್ ಇಟ್ಟು, ಅರ್ಥವಾಗದ್ದನ್ನೂ ನಂಬುತ್ತೇನೆ ಎಂದು ಪ್ರಾರ್ಥಿಸಿದರು. ಸ್ವಲ್ಪ ದಿನಕ್ಕೇ ಲಾಸ್ ಏಂಜಲೀಸಿನಲ್ಲಿ ಗ್ರಹಾಂ ಬೋಧನೆಯ ಡೇರೆ ಸಭೆಗಳು. 3 ವಾರಕ್ಕೆಂದು ಶುರುವಾದದ್ದು 8 ವಾರ ನಡೆಯಿತು. ಗ್ರಹಾಂ ಮನೆಮಾತಾದರು. ಅವರದ್ದೂ ಪ್ರಾಮಾಣಿಕ ನಿರ್ಧಾರವೇ ಅನ್ನಿ. ನನ್ನ ಮನಸ್ಸು ಮಾತ್ರ ಟೆಂಪಲ್‌ಟನ್ ಕಡೆಗೆ. ನಂಬದ್ದನ್ನು ಬೋಧಿಸಲಾರೆ ಅಂತ 1957ರಲ್ಲಿ ವೇದಿಕೆ ಇಳಿದರು. ಆಮೇಲೆ ಪತ್ರಿಕೆ ಕೆಲಸಕ್ಕೆ ಬಂದರು, ಪಾಪ.

ಯಾಕೆ ಕ್ರೈಸ್ತನಲ್ಲ ಎಂದು 1996ರಲ್ಲಿ ಪುಸ್ತಕವನ್ನೇ ಬರೆದ ಮನುಷ್ಯ, ಅದಾದ ಮೇಲೆ ಸಂದರ್ಶನವೊಂದರಲ್ಲಿ ಯೇಸುವಿನ ಮಾತು ಬಂದಾಗ, ಅವನಿಲ್ಲದ್ದು ಕಾಡುತ್ತದೆ ಎಂದು ಅತ್ತರಂತೆ. ಸಂದರ್ಶಿಸಿದವರು ಕಟ್ಟಾ ವಿಶ್ವಾಸಿ. ಅವರ ಉಪ್ಪುಖಾರ ಕಳೆದು ಓದೋಣ. ಆದರೂ ಇದು ಸಿಟ್ಟಾ?

ಅಮೆರಿಕದ ಬೈಬಲ್ ವಿದ್ವಾಂಸ ಬಾರ್ಟ್ ಎರ್ಮನ್ ಇನ್ನೊಬ್ಬರು. ಬೈಬಲ್ಲಿನಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಕಲಿತು ಪ್ರಿನ್ಸ್‌ಟನ್ನಿಗೆ ಬಂದವರು. ಮುಂದೆ ರಾಜನಾದ ದಾವೀದ, ದೇವರಿಗಿಟ್ಟ ರೊಟ್ಟಿ ತಿಂದಾಗ ಮಹಾಯಾಜಕನಾಗಿದ್ದವನು ಅಬಿಯಾತಾರ ಅನ್ನುತ್ತದೆ ಬೈಬಲ್ಲಿನ ಮಾರ್ಕನ ಸುವಾರ್ತೆ. ಬೈಬಲ್ಲಿನದೇ ಸಮುವೇಲನ ಪುಸ್ತಕದಲ್ಲಿ ಅಲ್ಲಿರುವುದು ಅಹೀಮೆಲೆಕ. ಎರಡೂ ಸರಿ ಎಂದು ಸಾಧಿಸಲು ಹುಡುಗ ಉದ್ದ ಪ್ರಬಂಧ ಬರೆದ. ಕೊನೆಯಲ್ಲಿ ಪ್ರಾಧ್ಯಾಪಕರು ಬರೆದದ್ದು ಒಂದೇ ಸಾಲು: ಮಾರ್ಕನೇ ತಪ್ಪಿರಬಹುದೇನೋ. ಹಾಗಂತ ಎರ್ಮನ್ ದೇವರನ್ನು ಬಿಟ್ಟದ್ದು ಇದಕ್ಕಲ್ಲ. ಲೋಕದಲ್ಲಿ ಇಷ್ಟೊಂದು ನೋವು ಯಾಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಸಿಗದೆ. ಬಿಟ್ಟ ಮೇಲೂ ದಶಕಗಟ್ಟಲೆ ಹೊಸ ಒಡಂಬಡಿಕೆಯನ್ನೇ (ಬೈಬಲ್ಲಿನಲ್ಲಿ ಯೇಸುವಿನ ಕತೆ ಬರುವ ಭಾಗ) ಪಾಠ ಮಾಡಿದರು. ನಂಟು ಕಡಿದುಕೊಂಡವರು ಹೀಗಿರುತ್ತಾರಾ?

ಇವ್ಯಾಂಜೆಲಿಕಲ್ ಪಂಥದಲ್ಲಿ ಅಪ್ಪ ವಿಶ್ವಾಸಿ ಅಂತ ಮಗ ವಿಶ್ವಾಸಿ ಆಗುವುದಿಲ್ಲ. ಯೇಸು ನನ್ನ ರಕ್ಷಕ ಎಂದು ಸ್ವತಃ ಒಪ್ಪಬೇಕು. ಗ್ರಹಾಂ ಸಭೆಗಳಲ್ಲಿ ಎಲ್ಲರೆದುರು ಎದ್ದು ಮುಂದೆ ಬರಬೇಕಿತ್ತು. ಇಷ್ಟು ಸ್ವಂತ ಒಪ್ಪಿಗೆ ಕೇಳುವ ಕಡೆ, ಅದನ್ನು ವಾಪಸ್ ಪಡೆಯುವವರೂ ಇರುತ್ತಾರಲ್ವಾ?

ನಮ್ಮಲ್ಲೇನು ಕಡಿಮೆ? ಪಕ್ಷ, ಮಠ, ಸಂಘಟನೆ, ಯಾವುದನ್ನಾದರೂ ಬಿಟ್ಟು ನೋಡಿ. ನಿನ್ನೆ ‘ಅಣ್ಣ’, ಇವತ್ತು ‘ದ್ರೋಹಿ’. ಯಾಕೆ ಬಿಟ್ಟೆ ಅನ್ನುವವರಿಲ್ಲ, ಎಷ್ಟು ತಗೊಂಡೆ ಅನ್ನುವವರೇ ಜಾಸ್ತಿ. ಪತ್ರಿಕೆಗೂ ಅಷ್ಟೆ. ಒಂದು ಲೇಖನ ಹಿಡಿಸದಿದ್ದರೆ ಚಂದಾ ನಿಲ್ಲಿಸಿ ಅನ್ನುವ ಕಾರ್ಡು. ನೀವು ಹಾಗೆ ಮಾಡದೆ ಜಗಳಕ್ಕೆ ಬಂದಿರಿ, ಖುಷಿಯಾಯಿತು. ಮುಂದಿನ ಸಂಚಿಕೆಗೆ ಚರ್ಚಿನೊಳಗೇ ಉಳಿದವರೊಬ್ಬರಿಂದ ಬರೆಸುತ್ತಿದ್ದೇವೆ. ಆಗಲೂ ಬೈಗುಳದ ಪತ್ರಗಳು ಬರುತ್ತವೆ, ಬೇರೆ ಊರುಗಳಿಂದ.